ರೀಲಿನ ಡಬ್ಬಿಯೂ ನಮ್ಮ ಕಾಕಾನ ಸಿಟ್ಟೂ

ನಮ್ಮ ಕಾಕಾನಿಗೆ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರುವುದಕ್ಕೆ ಅದು ಹೋಗಿದ್ದಾದರೂ ಯಾವಾಗ? ಎದ್ದ ಕೂಡಲೇ ಹಾಸಿಗೆಗೆ ಬೈದು, ಹಲ್ಲುಜ್ಜುವಾಗ ನೀರಿಗೆ ಬೈದು, ಚಹಾ ಕುಡಿಯುವಾಗ ಹೆಂಡತಿಗೆ, ಎಂದರೆ ನಮ್ಮ ಕಾಕುವಿಗೆ ಬೈದು, ಆಮೇಲೆ ಉಳಿದವರ ಸರದಿ. ಆ ಉಳಿದವರಲ್ಲಿ ಹೆಚ್ಚಿನ ಪಾಲು ನನ್ನದು. ಇದನ್ನು ಬರೆಯುವಾಗಲೂ ನನಗೆ ಅವನ ಮೇಲೆ ಸಿಟ್ಟೇ ಇದೆ, ಮೊದಲೇ ಹೇಳಿಬಿಡುತ್ತೇನೆ.

ನಮ್ಮಪ್ಪನ ಬೆನ್ನಿಗೆ ಹುಟ್ಟಿದ ಈ ಮಹಾಶಯ ರೋಣದ ಟಾಕೀಸಿನಲ್ಲಿ ಆಯುಷ್ಯವೆಲ್ಲ ರೀಲು ಓಡಿಸಿದವನು. ಊರಿಗೇ ಸಿನಿಮಾ ತೋರಿಸಿದ ಮನುಷ್ಯ ಒಂದೇ ಒಂದು ಸಿನಿಮಾದ ಕತೆ ಹೇಳಲಾರ ಎಂದರೆ ನಂಬುತ್ತೀರಾ?

"ಕಾಕಾ, ಆ ಪಿಚ್ಚರ್ ಹ್ಯಾಂಗಿತ್ತು?"

"ಆರನೇ ರೀಲಿನ್ಯಾಗ ಅಂಚಿನ ತೂತು ಹರದಿದ್ವು."

"ಕತಿ ಹ್ಯಾಂಗಿತ್ತೋ ಮಾರಾಯಾ!"

"ಕತಿ ನೋಡಾಕ ನಾ ಟಿಕೀಟ ತಗೊಂಡಿದ್ನೇನು?"

ಹೀಗೆ! ನಾಯಕ ಯಾರು, ನಾಯಕಿ ಯಾರು, ಕೊನೆಗೆ ಮದುವೆಯಾಯಿತೋ ಇಲ್ಲವೋ, ಯಾವುದೂ ಅವನಿಗೆ ಬೇಡ. ಅವನು ನೋಡುತ್ತಿದ್ದದ್ದು ಗೋಡೆಯ ಮೇಲಿನ ಬೆಳಕು ಹಳದಿಯಾಯಿತೇ, ಅಂಟಿಸಿದ ಫಿಲ್ಮಿನ ಜೋಡಣೆ ಸರಿಯಾಗಿ ದಾಟಿತೇ ಎಂಬುದಷ್ಟೇ. ಉಳಿದದ್ದೆಲ್ಲ ಕೆಳಗೆ ಕೂತವರ ಕೆಲಸ.

ಅವನ ಇನ್ನೊಂದು ಚಾಳಿ ಕೇಳಿ. ಫಿಲ್ಮಿಗೆ ಎರಡು ಮೈ. ಒಂದರ ಮೇಲೆ ಚಿತ್ರದ ಮದ್ದು ಬಳಿದಿರುತ್ತದೆ, ಇನ್ನೊಂದು ಬರೀ ನುಣುಪು. ಹರಿದದ್ದನ್ನು ಅಂಟಿಸುವ ಮುಂಚೆ ಮದ್ದಿನ ಮೈ ಯಾವುದೆಂದು ತಿಳಿಯಬೇಕು, ಮಬ್ಬುಗತ್ತಲ ಕೋಣೆಯಲ್ಲಿ ಕಣ್ಣಿಗೆ ಅದು ತಿಳಿಯುವುದಿಲ್ಲ. ಹಾಗಾಗಿ ಒದ್ದೆ ತುಟಿಗೆ ತಾಗಿಸಿ ನೋಡುತ್ತಾರೆ. ಮದ್ದಿನ ಮೈಯಾದರೆ ಮೆಲ್ಲಗೆ ಅಂಟುತ್ತದೆ. ಒಳ್ಳೆಯದು, ಕೆಲಸದ ರೀತಿ, ನನ್ನ ತಕರಾರಿಲ್ಲ. ಆದರೆ ಈ ಪುಣ್ಯಾತ್ಮ ಕೈಗೆ ಸಿಕ್ಕಿದ್ದನ್ನೆಲ್ಲ ತುಟಿಗೆ ತಾಗಿಸುವುದೇ? ಬಸ್ಸಿನ ಟಿಕೀಟು, ಲಗ್ನಪತ್ರಿಕೆ, ದವಾಖಾನೆಯ ಚೀಟಿ! ನನ್ನ ಮದುವೆಯ ಮಾತುಕತೆಗೆ ನರಗುಂದದಿಂದ ಬೀಗರು ಬಂದಾಗ, ಅವರು ಗಜೇಂದ್ರಗಡದಿಂದ ತಂದಿದ್ದ ಸೀರೆಯನ್ನು ಹತ್ತು ಜನರ ಮುಂದೆ ಬಿಡಿಸಿ, ಸೆರಗಿನ ತುದಿಯನ್ನು ತುಟಿಗೊತ್ತಿಕೊಂಡು ಕಣ್ಣು ಮುಚ್ಚಿ ಕೂತುಬಿಟ್ಟ.

"ಯಾಕ್ರೀ ಬೀಗರ, ಹಸಿವಾಗೈತೇನ್ರಿ?" ಎಂದರು ನಮ್ಮ ಅತ್ತೆ.

"ಸುಲ್ಟಾ ಯಾವುದು, ಉಲ್ಟಾ ಯಾವುದು ನೋಡಬಾರದೇನ್ರೀ?" ಎಂದು ಅವರ ಮೇಲೇ ಹರಿಹಾಯ್ದ. ಮದುವೆ ಮುರಿಯಲಿಲ್ಲ ಎಂಬುದು ನಮ್ಮ ಅತ್ತೆಯ ದೊಡ್ಡತನ. ಆ ಸೀರೆಗೆ ಅವರು ಇಂದಿಗೂ 'ಎಂಜಲ ಸೀರಿ' ಎನ್ನುತ್ತಾರೆ, ನಾನು ಉಟ್ಟಾಗಲೆಲ್ಲ.

ಆಗ ಒಂದೇ ಪ್ರಿಂಟನ್ನು ಎರಡು ಊರು ಹಂಚಿಕೊಳ್ಳುವ ರೂಢಿಯಿತ್ತು. ಗಜೇಂದ್ರಗಡದಲ್ಲಿ ಆಟ ಮೊದಲು ಶುರು. ಅಲ್ಲಿ ಓಡಿ ಮುಗಿದ ರೀಲು ಡಬ್ಬಿಯಲ್ಲಿ ಕೂತು, ಮೋಟಾರ್ ಸೈಕಲ್ ಹತ್ತಿ ರೋಣಕ್ಕೆ ಬರಬೇಕು. ಒಂದು ಸಲ ಜಕ್ಕಲಿ ಹತ್ತಿರ ಗಾಡಿ ಪಂಕ್ಚರ್ ಆಯಿತು. ಅದರ ಹಿಂದೆ ಕೊನೆಯ ರೀಲು ಹಿಡಿದು ಹೊರಟಿದ್ದವನು ಮುಂದೆ ಬಂದುಬಿಟ್ಟ. ಟಾಕೀಸಿನಲ್ಲಿ ಜನ ಕುರ್ಚಿ ಒದೆಯುತ್ತಿದ್ದರು. ಸಿಟ್ಟಿಗೆದ್ದ ಕಾಕಾ ಕೊನೆಯ ರೀಲನ್ನೇ ಏರಿಸಿದ. ನಾಯಕ ಸತ್ತ, ಚಿತೆಗೆ ಬೆಂಕಿಯಿಟ್ಟರು, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. ಅಷ್ಟರಲ್ಲಿ ಪಂಕ್ಚರ್ ಗಾಡಿಯ ರೀಲು ಬಂತು. ಬಂದದ್ದನ್ನು ಓಡಿಸದೆ ಬಿಟ್ಟರೆ ಅವನು ಕಾಕಾ ಹೇಗಾದಾನು? ಸುಟ್ಟು ಬೂದಿಯಾದ ನಾಯಕ ಕೆಂಪು ಅಂಗಿ ಹಾಕಿಕೊಂಡು ಹೂವಿನ ತೋಟದಲ್ಲಿ ಕುಣಿಯತೊಡಗಿದ!

ಪಕ್ಕದ ಹಳ್ಳಿ ಅಸೂಟಿಯ ನಾಲ್ಕು ಮಂದಿ ಹಿರಿಯರು ಮೆಟ್ಟಿಲು ಹತ್ತಿ ಮೇಲಿನ ಮಶಿನ್ನಿನ ಕೋಣೆಗೆ ಬಂದರು. "ಏನ್ರೀ ಇದು ಅನ್ಯಾಯ! ಸುಟ್ಟಾಂವ ಎದ್ದು ಹಾಡಾಕತ್ತಾನ!"

"ಸತ್ತಾಂವ ತಿರುಗಿ ಬಂದಾನಂದ್ರ ಖುಷಿ ಪಡೂದು ಬಿಟ್ಟು ನನ್ನ ಕೂಡ ಯಾಕ ಜಗಳಾ ತಗೀತೀರಿ?" ಎಂದು ಕಾಕಾ ಗುಡುಗಿದ.

ಹಿರಿಯರು ತಬ್ಬಿಬ್ಬಾಗಿ ಕೆಳಗಿಳಿದರು. ಮರುದಿನ ಅವರ ಪೈಕಿ ಇಬ್ಬರು ಮತ್ತೆ ಬಂದು, "ನಿನ್ನಿ ತೋರಿಸಿದಂಗ ತೋರಿಸ್ರಿ" ಎಂದು ಕೇಳಿದರಂತೆ. ಅವರಿಗೂ ಬೈಗುಳವೇ ಸಿಕ್ಕಿತು.

ಆಮೇಲೆ ರೀಲಿನ ಕಾಲ ಮುಗಿಯಿತು. ಸಿನಿಮಾ ಉಪಗ್ರಹದ ಮೂಲಕ ಆಕಾಶದಿಂದ ಇಳಿಯತೊಡಗಿತು, ಟಾಕೀಸಿಗೆ ಬೀಗ ಬಿತ್ತು. ಮಾಲೀಕರು ಕುರ್ಚಿ ಕಿತ್ತು ಹೆಸರುಕಾಳಿನ ಚೀಲ ಒಟ್ಟಿದರು. ಮಶಿನ್ನು ಮಾತ್ರ ಮೆಟ್ಟಿಲಲ್ಲಿ ಇಳಿಯದಷ್ಟು ಭಾರವೆಂದು ಮೇಲೇ ಉಳಿಯಿತು. ಕಾಕಾ ದಿನಾ ಹೋಗಿ ಅದಕ್ಕೆ ಎಣ್ಣೆ ಬಿಟ್ಟು, ಬೈದು ಬರುತ್ತಿದ್ದ. ಅದರ ಪಕ್ಕದಲ್ಲಿ ಒಂದು ಪ್ರಿಂಟಿನ ಡಬ್ಬಿಗಳೂ ಉಳಿದಿದ್ದವು. ಓಡದೆ ಮಲಗಿದ ಸಿನಿಮಾ ಅದು, ಹಂಚಿಕೆದಾರರು ತಿರುಗಿ ಒಯ್ಯಲೇ ಇಲ್ಲ. ಅದರೊಳಗಿನ ಒಂದು ಡಬ್ಬಿಯನ್ನು ಮಾತ್ರ ಕಾಕಾ ಆಗಾಗ ಹೊರಗೆ ತಂದು, ನೆರಳಿನಲ್ಲಿ ಮುಚ್ಚಳ ತೆಗೆದು ಗಾಳಿಗಿಡುತ್ತಿದ್ದ. ಹಳೆಯ ಫಿಲ್ಮು ಕೆಡತೊಡಗಿದರೆ ಹುಳಿ ವಾಸನೆ. ಆ ವಾಸನೆ ಅವನ ಅಂಗಿಗೆ ಹತ್ತಿ, ಅಂಗಿಯಿಂದ ಮನೆಗೆ ಹತ್ತಿ, ಕಾಕು ಆ ಡಬ್ಬಿಗೆ 'ನನ್ನ ಸವತಿ' ಎಂದೇ ಹೆಸರಿಟ್ಟಿದ್ದಳು.

ಕಳೆದ ಬೇಸಿಗೆಯ ಶುರುವಿನಲ್ಲಿ ಮಾಲೀಕರಿಂದ ನರಗುಂದಕ್ಕೆ, ನನಗೆ ಫೋನು. "ತಂಗಿ, ಲಗೂನ ಬರ್ರಿ. ಹಳೀ ರೀಲು ಗುಜರಿಗೆ ಹಾಕಾಕತ್ತೀವಿ. ನಿಮ್ಮ ಕಾಕಾ ಒಂದು ಡಬ್ಬಿ ಹಿಡಕೊಂಡು ಮಶಿನ್ ಕೋಣ್ಯಾಗ ಚಿಲಕ ಹಾಕ್ಕೊಂಡಾರ. ಬೆಳಿಗ್ಗಿಂದ ನೀರೂ ಕುಡದಿಲ್ಲ."

ನಾನು ಕಲಿಸುವ ಸಾಲೆಗೆ ರಜೆ ಹಾಕಿ ಬಸ್ಸು ಹತ್ತಿದೆ. ನರಗುಂದದಿಂದ ರೋಣದವರೆಗೂ ಏನೇನು ಬೈಯಬೇಕೆಂದು ಜೋಡಿಸಿಕೊಂಡೇ ಹೋದೆ. ಅವನ ರಕ್ತವೇ ಅಲ್ಲವೇ ನನ್ನದೂ? ಟಾಕೀಸಿನ ಮುಂದೆ ಗುಜರಿಯವನ ಟೆಂಪೊ ನಿಂತಿತ್ತು. ಫಿಲ್ಮು ತೊಳೆದರೆ ಬೆಳ್ಳಿ ಬರುತ್ತದಂತೆ, ಉಳಿದ ಪ್ಲಾಸ್ಟಿಕ್ಕು ಬಳೆಗೆ ಹೋಗುತ್ತದಂತೆ. ಪಾಪ, ಅವನು ಹಿಂದೆ ಇಲ್ಲಿ ಕುರ್ಚಿ ಒದೆಯುತ್ತಿದ್ದ ಜನರಿಗಿಂತ ತಾಳ್ಮೆಯಿಂದ ಕಾಯುತ್ತಿದ್ದ. ಕಾಕು ಮೆಟ್ಟಿಲ ಮೇಲೆ ರೊಟ್ಟಿಯ ಗಂಟು ಹಿಡಿದು ಕೂತಿದ್ದಳು.

ನಾನು ಬಾಗಿಲು ಬಡಿದೆ. "ಕಾಕಾ, ಹೊರಗ ಬಾ! ಮಂದಿ ಮುಂದ ಮಾನ ಕಳೀಬ್ಯಾಡ! ಒಂದು ಡಬ್ಬಿ ಪ್ಲಾಸ್ಟಿಕ್ ಸಲುವಾಗಿ ಉಪಾಸ ಸಾಯ್ತಿಯೇನು?"

ಉತ್ತರ ಬಂದದ್ದು ನನ್ನ ಬೆನ್ನ ಹಿಂದಿನಿಂದ.

"ಪ್ಲಾಸ್ಟಿಕ್ ಅನಬ್ಯಾಡ," ಎಂದಳು ಕಾಕು. "ಅದ್ರಾಗ ನಿಮ್ಮಪ್ಪ ಅದಾನ."

ನಾನು ತೊಟ್ಟಿಲಲ್ಲಿದ್ದಾಗ ಅಪ್ಪ ಜ್ವರ ಬಂದು ತೀರಿಕೊಂಡಿದ್ದ. ನನಗೆ ಗೊತ್ತಿರುವ ಅಪ್ಪ ಎಂದರೆ ಗೋಡೆಯ ಮೇಲೆ ಟೋಪಿ ಹಾಕಿಕೊಂಡು ಬಿಗಿದುಕೊಂಡು ಕೂತ ಒಂದು ಫೋಟೊ. ಕಾಕು ಹೇಳಿದ್ದು ಇಷ್ಟು: ಆ ಸಿನಿಮಾದ ಒಂದು ಜಾತ್ರೆಯ ನೋಟವನ್ನು ಗಜೇಂದ್ರಗಡದ ಗುಡ್ಡದ ಮೇಲೆ ತೆಗೆದಿದ್ದರು. ಸಂತೆಗೆ ಅರಿವೆ ಮಾರಲು ಹೋಗಿದ್ದ ಅಪ್ಪ, ಗಂಟು ಹೊತ್ತುಕೊಂಡೇ ಆ ಗದ್ದಲದಲ್ಲಿ ನಿಂತಿದ್ದ.

ಆಗ ನನಗೆ ಬಂದದ್ದು ಖರೇ ಸಿಟ್ಟು. ಅದರ ಮುಂದೆ ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಏನೂ ಅಲ್ಲ. "ಇಷ್ಟು ವರ್ಷ ನನಗ ಯಾಕ ತೋರಿಸಲಿಲ್ಲ? ನಾ ಅವನ ಮಗಳಲ್ಲೇನು?" ಎಂದು ಬಾಗಿಲಿಗೆ ಒದ್ದೆ. ಹೌದು, ಒದ್ದೆ.

ಚಿಲಕ ತೆರೆಯಿತು. ಕಾಕಾ ಡಬ್ಬಿ ಅವಚಿಕೊಂಡು ನಿಂತಿದ್ದ.

"ತೋರಿಸಿದಂಗೆಲ್ಲ ಸವೀತಾನ, ಹುಚ್ಚಿ!" ಎಂದು ನನಗಿಂತ ಜೋರಾಗಿ ಕೂಗಿದ. "ಒಮ್ಮಿ ಓಡಿಸಿದ್ರ ಒಂದು ಗೀರು. ಹರದ್ರ ಕತ್ತರಿಸಿ ಅಂಟಿಸಬೇಕು, ಕತ್ತರಿಸಿದಷ್ಟೂ ಅಂವ ಕಡಿಮಿ ಆಕ್ಕಾನ. ನಿಮ್ಮವ್ವಗ ತೋರಿಸಾಕ ಹೋಗಿ ಅಲ್ಲೇ ಹರೀತು. ಅಂವ ನಗೂದು ಅರ್ಧಾ ಹೋತು, ನನ್ನ ಕೈಯಾಗ! ಉಳಿದಿದ್ದು ನಿನಗಂತ ಇಟ್ಟೀನಿ."

"ಮತ್ತ ಯಾವಾಗ ತೋರಿಸಾಂವ ಇದ್ದಿ?"

"ಧೈರ್ಯ ಬಂದಾಗ!" ಅದನ್ನೂ ಸಿಟ್ಟಿನಲ್ಲೇ ಹೇಳಿದ.

ಮಾಲೀಕರು ಗುಜರಿಯವನಿಗೆ, "ಆ ಒಂದು ಡಬ್ಬಿ ಬಿಡಪಾ" ಎಂದರು. ಅವನು ಆಗಲೇ ಟೆಂಪೊ ಹತ್ತಿದ್ದ.

ಕಾಕಾ ಮಶಿನ್ನಿಗೆ ಫಿಲ್ಮು ಏರಿಸಿದ. ಬೆರಳಿನಿಂದ ತಡವಿ ತಡವಿ ಚಕ್ರದ ಹಲ್ಲಿಗೆ ಫಿಲ್ಮಿನ ತೂತು ಕೂಡಿಸುತ್ತಿದ್ದ. ಮಶಿನ್ನಿನೊಳಗಿನ ದೀಪದ ಉರಿ ವರ್ಷಗಟ್ಟಲೆ ನೋಡಿ ಅವನ ಕಣ್ಣು ಎಷ್ಟು ಮಂಜಾಗಿದೆ ಎಂಬುದು ನನಗೆ ಆಗಲೇ ತಿಳಿದದ್ದು. ನಾನು ಮೊಬೈಲು ತೆಗೆದರೆ ಅದಕ್ಕೂ ಬೈದ. "ಅದನ್ನ ಹಿಡದ್ರ ಅದನ್ನ ನೋಡ್ತಿ. ಒಳಗಿಡು, ನಿಮ್ಮಪ್ಪನ್ನ ನೋಡು."

ಹೆಸರಿನ ಚೀಲಗಳ ಆಚೆ, ಸುಣ್ಣದ ಗೋಡೆಯ ಮೇಲೆ ಗುಡ್ಡ ಬಂತು. ಜನ ಬಂದರು. ಅಂಚಿನಲ್ಲಿ, ಹೆಗಲ ಮೇಲೆ ಅರಿವೆಯ ಗಂಟು ಹೊತ್ತ ತೆಳ್ಳಗಿನ ಹುಡುಗನೊಬ್ಬ ಯಾರೋ ಕರೆದಂತೆ ತಿರುಗಿದ. ನನಗಿಂತ ಎಷ್ಟು ಚಿಕ್ಕವನು! ನನ್ನ ಮಗನ ಹಾಗೆಯೇ ಒಂದು ಹುಬ್ಬು ಏರಿಸಿದ. ತುಟಿ ಬಿಚ್ಚಿ ನಗಲು ಶುರುಮಾಡಿದ. ಅಷ್ಟರಲ್ಲಿ ಚಿತ್ರ ಹಾರಿ, ಬೇರೆ ಯಾರ್ಯಾರೋ ಬಂದರು.

ಕಾಕಾ ಮಶಿನ್ನು ನಿಲ್ಲಿಸಿದ. ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ, ಆದರೆ ಕೇಳಿದ್ದು ನನ್ನನ್ನು.

"ಬಂದನೇನು?"

"ಬಂದ ಕಾಕಾ."

"ನಕ್ಕನೇನು?"

"ನಕ್ಕ."

"ಎಷ್ಟು ನಕ್ಕ?" ಧ್ವನಿ ಸಣ್ಣದಾಗಿತ್ತು.

"ಪೂರಾ ನಕ್ಕ ಕಾಕಾ," ಎಂದೆ.

ಆ ನಗುವನ್ನು ಕತ್ತರಿಸಿದ್ದು ಅವನದೇ ಕೈ. ನಾನು ಹೇಳುತ್ತಿರುವುದು ಸುಳ್ಳೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಕಾಕಾ ಸಿಟ್ಟಾಗಲಿಲ್ಲ.