ಎಡಗಡೆಯ ಒಳಜೇಬು

ದರ್ಜಿಯಮ್ಮನನ್ನು ಮೊದಲು ಕಂಡ ದಿನ ನಾನು ಅವರಿಗೆ ಅರ್ಧ ಗಂಟೆ ಪಾಠ ಮಾಡಿದೆ. ನಿವೃತ್ತನಾಗಿ ಎರಡು ವರ್ಷವಾಗಿತ್ತು. ಎದುರಿಗೆ ಯಾರಾದರೂ ಸುಮ್ಮನೆ ನಿಂತರೆ ಅದನ್ನು ತರಗತಿ ಎಂದೇ ಭಾವಿಸುತ್ತಿದ್ದ ಕಾಲವದು.

ಅವರು ನಮ್ಮ ಬೀದಿಯ ತಿರುವಿನಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಒಂದು ಕನ್ನಡಿ ಇಟ್ಟುಕೊಂಡು ಅಂದೇ ಅಂಗಡಿ ತೆರೆದಿದ್ದರು. ಹನ್ನೊಂದು ವರ್ಷ ದುಡಿದ ಕಾರ್ಖಾನೆ ಬಿಟ್ಟು ಸ್ವಂತದ್ದು ಶುರು ಮಾಡಿದೀನಿ ಎಂದರು. ಯಾವ ಕಾರ್ಖಾನೆ ಎಂದು ನಾನು ಕೇಳಲಿಲ್ಲ. ಅಂಗಿಯೊಂದಕ್ಕೆ ಗುಂಡಿ ಹಾಕಿಸಲು ಹೋಗಿದ್ದೆ. ಆದರೆ ಅವರ ಕಣ್ಣು ನನ್ನ ಮೈಮೇಲಿದ್ದ ಮೋಟಾರ್‌ಸೈಕಲ್ ಜಾಕೆಟ್ಟಿನ ಮೇಲೆ ನಿಂತಿತು. ನನಗೆ ಅಷ್ಟು ಸಾಕಾಯಿತು.

ಆ ಜಾಕೆಟ್ಟಿನ ವಿಷಯ ಹೇಳಲೇಬೇಕು. ಮೇಣ ಹಚ್ಚಿದ ದಪ್ಪ ಹತ್ತಿ ಬಟ್ಟೆ. ಕಡಲಾಚೆಯ, ನೂರು ವರ್ಷದ ಕಂಪನಿ. ನನ್ನ ಹಳೆಯ ಗಾಡಿಗೆ ತಕ್ಕ ಉಡುಪು ಬೇಕೆಂದು ತರಿಸಿಕೊಂಡಿದ್ದೆ. ‘ಗಾಡಿ ಹಳೇದು, ನೀವೂ ಹಳಬರು. ಹೊಸದು ಅಂತ ಬಂದಿದ್ದು ಇದೊಂದೇ, ಇದಕ್ಕೂ ಹಳೇ ವಾಸನೆ’ ಎಂದು ನನ್ನ ಹೆಂಡತಿ ಅದನ್ನು ಬರಮಾಡಿಕೊಂಡಳು. ಜೊತೆಗೆ ಬಂದ ಪುಸ್ತಿಕೆಯಲ್ಲಿ ಕಂಪನಿ ಕಟ್ಟಿದ ಮಹನೀಯರ ಚಿತ್ರವಿತ್ತು, ಅವರು ಕೆಲಸ ಶುರು ಮಾಡಿದ ಕೊಟ್ಟಿಗೆಯ ಚಿತ್ರವಿತ್ತು, ಅವರ ನಾಯಿಯದೂ ಇತ್ತು. ನಾನು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಓದಿದೆ. ಕಾಲರಿನ ಒಳಗಿದ್ದ ಚೀಟಿ ಕತ್ತಿಗೆ ಚುಚ್ಚುತ್ತಿತ್ತು. ಮೊದಲ ದಿನವೇ ಕತ್ತರಿಸಿ, ಪುಸ್ತಿಕೆಯಲ್ಲಿ ಪುಟದ ಗುರುತಿಗೆ ಇಟ್ಟುಕೊಂಡೆ.

ಎಡಗಡೆಯ ಒಳಜೇಬಿನ ಮೂಲೆಯಲ್ಲಿ ನೀಲಿ ದಾರದ ಒಂದು ಪುಟ್ಟ ಗುಣಾಕಾರ ಚಿಹ್ನೆ ಇತ್ತು. ಇದು ಕುಶಲಕರ್ಮಿಯ ಸಹಿ ಎಂದು ತೀರ್ಮಾನಿಸಿದೆ. ದಿನ ಕಳೆದಂತೆ ಆ ಕುಶಲಕರ್ಮಿಗೆ ಬಿಳಿ ಮೀಸೆ ಬಂತು, ಕನ್ನಡಕ ಬಂತು, ಕಿಟಕಿಯಾಚೆ ಮಂಜು ಕವಿದ ಬೆಟ್ಟವೂ ಬಂತು.

‘ಅವರನ್ನ ಹೆಂಡತಿ ಊಟಕ್ಕೆ ಕರೀತಿದಾರಾ, ಅದೂ ಗೊತ್ತಾ?’ ಎಂದು ನನ್ನವಳು ಕೇಳಿದಳು.

ಇಷ್ಟನ್ನೂ ನಾನು ದರ್ಜಿಯಮ್ಮನಿಗೆ ವಿವರಿಸಿದೆ. ಅವರು ಗುಂಡಿ ಹಾಕುತ್ತಲೇ ಕೇಳಿ, ‘ಎಡಗಡೆ ಒಳಜೇಬು ಗಟ್ಟಿಯಾಗಿದೆಯಾ, ಮೇಷ್ಟ್ರೇ?’ ಎಂದರು. ನೂರು ವರ್ಷದ ಇತಿಹಾಸ ಹೇಳಿದರೆ ಜೇಬಿನ ವಿಚಾರ ಕೇಳುತ್ತಾರಲ್ಲ ಎಂದು ನನಗೆ ಬೇಸರವಾಯಿತು. ಸರದಿಯಲ್ಲಿ ನಿಂತಿದ್ದ ನೆರೆಯವರಿಗೂ ಕೇಳುವಂತೆ ಘೋಷಿಸಿದೆ: ‘ಈ ಜಾಕೆಟ್ಟಿಗೆ ಇಲ್ಲಿಯ ಸೂಜಿ ತಾಕಕೂಡದಮ್ಮಾ.’ ಅದೇ ಮಾತನ್ನು ಕ್ಷೌರದಂಗಡಿಯಲ್ಲೂ ಗ್ರಂಥಾಲಯದಲ್ಲೂ ಹೇಳಿದೆ. ಮಾತು ಚೆನ್ನಾಗಿ ಬಂದಿತ್ತು, ಬಿಡಲು ಮನಸ್ಸಾಗಲಿಲ್ಲ.

ಎರಡು ತಿಂಗಳು ಕಳೆಯಿತು. ಒಂದು ಭಾನುವಾರಕ್ಕೆ ನಮ್ಮ ಹಳೆಯ ಗಾಡಿಗಳ ಸಂಘದ ಮೆರವಣಿಗೆ ನಿಗದಿಯಾಯಿತು. ಪರಂಪರೆಯ ಉಡುಪಿನ ಬಗ್ಗೆ ನಾನು ಜಾಕೆಟ್ ತೊಟ್ಟು ನಾಲ್ಕು ಮಾತಾಡಬೇಕಿತ್ತು. ಅದರ ಹಿಂದಿನ ಗುರುವಾರ ಬೆಳಿಗ್ಗೆ ನಮ್ಮ ಮನೆಯ ಗೇಟಿನ ಚಿಲಕಕ್ಕೆ ಜಾಕೆಟ್ ಸಿಕ್ಕಿ, ಅದರ ಒಳಪದರದ ಬಟ್ಟೆ ಕಂಕುಳಿನಿಂದ ಜೇಬಿನವರೆಗೆ ಹರಿಯಿತು.

‘ತಿರುವಿನಲ್ಲಿ ಕೊಟ್ಟು ಬನ್ನಿ’ ಎಂದಳು ಹೆಂಡತಿ.

ಘೋಷಣೆ ಮಾಡಿದವನು ಹೇಗೆ ಹೋಗುವುದು? ನಾನೇ ಕೈಹಾಕಿದೆ. ಮೊದಲು ಸುಕ್ಕು ಹೋಗಲೆಂದು ಇಸ್ತ್ರಿ ಮಾಡಿದೆ. ಇಸ್ತ್ರಿ ಕೂಡದೆಂದು ಪುಸ್ತಿಕೆಯಲ್ಲಿ ಸ್ಪಷ್ಟವಾಗಿತ್ತು. ಅದು ನಾನು ಅಡಿಗೆರೆ ಎಳೆಯದ ಪುಟ. ಮೇಣವೆಲ್ಲ ಕರಗಿ ಇಸ್ತ್ರಿಪೆಟ್ಟಿಗೆಗೆ ಬಂತು. ಅದೇ ಪೆಟ್ಟಿಗೆಯನ್ನು ಹೆಂಡತಿ ತನ್ನ ಬಿಳಿ ಶಾಲಿನ ಮೇಲೆ ಎಳೆದಳು. ಶಾಲಿನ ನಡುವೆ ಒಂದು ಕಂದು ದ್ವೀಪ ಮೂಡಿತು. ಅವಳು ಅದನ್ನು ಮಡಿಸಿ ನನ್ನ ಕುರ್ಚಿಯ ಮೇಲಿಟ್ಟಳು. ಅದು ನನಗೆ ಹಿತವೆನಿಸಲಿಲ್ಲ.

ಆಮೇಲೆ ಜೋಡಿ ದಾರ ಪೋಣಿಸಿ, ಜಾಕೆಟ್ಟನ್ನು ತೊಡೆಯ ಮೇಲೆ ಹರಡಿಕೊಂಡು ಎರಡು ಗಂಟೆ ಹೊಲಿದೆ. ಹೊಲಿಗೆ ಬಹಳ ಗಟ್ಟಿಯಾಗಿತ್ತು. ನಾನು ಎದ್ದುನಿಂತೆ, ಜಾಕೆಟ್ಟೂ ನನ್ನೊಡನೆ ಎದ್ದಿತು. ಪ್ಯಾಂಟಿಗೇ ಹೊಲಿದುಬಿಟ್ಟಿದ್ದೆ.

ಹೆಂಡತಿ ಕತ್ತರಿ ತಂದು ಮೇಜಿನ ಮೇಲಿಟ್ಟಳು. ‘ಯಾವುದನ್ನ ಕತ್ತರಿಸೋದು? ಪ್ಯಾಂಟನ್ನಾ, ಪರಂಪರೆಯನ್ನಾ?’

ಬೇರೊಂದು ಪ್ಯಾಂಟು ತೊಟ್ಟು, ಬಿಡಿಸಲಾಗದ ಆ ಗಂಟನ್ನು ಎದೆಗೆ ಅವುಚಿಕೊಂಡು ತಿರುವಿಗೆ ನಡೆದೆ. ಅವಳು ಪುಸ್ತಿಕೆ ಹಿಡಿದು ಹಿಂದೆಯೇ ಬಂದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗೋಡೆಯ ಮೊಳೆಗಳಲ್ಲಿ ಒಂದು ಬಟ್ಟೆಯೂ ತೂಗುತ್ತಿರಲಿಲ್ಲ.

ದರ್ಜಿಯಮ್ಮ ನನ್ನ ಹೊಲಿಗೆ ನೋಡಿ ನಗಲಿಲ್ಲ, ದೊಡ್ಡ ಮನಸ್ಸು. ಪ್ಯಾಂಟನ್ನು ಬಿಡಿಸಿ ಪಕ್ಕಕ್ಕಿಟ್ಟರು. ಒಳಜೇಬನ್ನು ಹೊರಗೆಳೆದು ನೀಲಿ ಗುರುತಿನ ಮೇಲೆ ಹೆಬ್ಬೆರಳಿಟ್ಟರು.

‘ಈ ಜೇಬು ನಾನೇ ಹೊಲಿದದ್ದು, ಮೇಷ್ಟ್ರೇ.’

ಅವರು ದುಡಿದದ್ದು ಬಸ್ ನಿಲ್ದಾಣದ ಹಿಂದಿನ ಉಡುಪಿನ ಕಾರ್ಖಾನೆಯಲ್ಲಂತೆ. ಸಾಲಾಗಿ ಯಂತ್ರಗಳು, ಒಬ್ಬರದು ಕಾಲರು, ಒಬ್ಬರದು ತೋಳು. ಇವರದು ಎಡಗಡೆಯ ಒಳಜೇಬು. ಹನ್ನೊಂದು ವರ್ಷ ಅದೊಂದೇ. ಇಡೀ ಜಾಕೆಟ್ಟನ್ನು ಒಮ್ಮೆಯೂ ಹೊಲಿದವರಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ.

‘ಅಂದರೆ ಸಹಿ ಇದ್ದ ಹಾಗೆ?’ ಎಂದೆ, ಬಿಳಿ ಮೀಸೆಯನ್ನು ಉಳಿಸಿಕೊಳ್ಳುವ ಕೊನೆಯ ಆಸೆಯಿಂದ.

‘ಸಹಿ ಅಲ್ಲ. ಜೇಬು ಕಿತ್ತು ವಾಪಸ್ ಬಂದ್ರೆ ಬೈಯೋದು ಯಾರನ್ನ ಅಂತ ಗೊತ್ತಾಗೋಕೆ.’

ಹೆಂಡತಿ ಪುಸ್ತಿಕೆಯಿಂದ ಪುಟದ ಗುರುತು ತೆಗೆದು ಓದಿದಳು. ಚೀಟಿಯಲ್ಲಿ ತಯಾರಿಸಿದ ದೇಶವೆಂದು ಇದ್ದದ್ದು ನಮ್ಮ ದೇಶದ ಹೆಸರೇ. ‘ಕತ್ತಿಗೆ ಸುಮ್ಮನೆ ಚುಚ್ಚಿಲ್ಲ ಕಣ್ರೀ ಇದು’ ಎಂದಳು.

ಅಂದೇ ಯಾಕೆ ಹೇಳಲಿಲ್ಲ ಎಂದು ದರ್ಜಿಯಮ್ಮನನ್ನು ಕೇಳಿದೆ. ‘ಮಧ್ಯೆ ಬಾಯಿ ಹಾಕೋಕೆ ನೀವು ಜಾಗ ಬಿಡಲಿಲ್ಲ’ ಎಂದರು. ಆಮೇಲೆ, ಬಿಚ್ಚಿದ ದಾರಗಳನ್ನು ಒಂದೊಂದಾಗಿ ಆಯುತ್ತಾ, ಬಂದವರೆಲ್ಲ ಮೇಷ್ಟ್ರು ನಿಮ್ಮ ಸೂಜಿ ಆಗದು ಅಂದರಂತೆ ಎಂದು ಕೇಳಿ ಹೊರಟುಹೋಗುತ್ತಾರೆಂದೂ, ಈ ತಿಂಗಳೂ ಹೀಗೇ ಆದರೆ ಅಂಗಡಿ ಮುಚ್ಚಿ ಮತ್ತೆ ಆ ಸಾಲಿಗೇ ಹೋಗಿ ಕೂರಬೇಕೆಂದೂ ಮೆಲ್ಲಗೆ ಹೇಳಿದರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಭಾನುವಾರ ಬರೆದಿಟ್ಟ ಭಾಷಣ ಓದಲಿಲ್ಲ. ಸಭೆಯ ಮುಂದೆ ಜಾಕೆಟ್ ಬಿಚ್ಚಿ, ಜೇಬನ್ನು ಹೊರಗೆಳೆದು, ಇದನ್ನು ಹೊಲಿದವರು ನಮ್ಮ ಬೀದಿಯವರು, ಅಗೋ ಅಲ್ಲಿ ನನ್ನ ಹೆಂಡತಿಯ ಪಕ್ಕದಲ್ಲಿ ನಿಂತಿದ್ದಾರೆ, ಇಷ್ಟು ದಿನ ಪಾಠ ತಪ್ಪಾಗಿ ಮಾಡಿದವನು ನಾನು ಎಂದೆ. ಆಮೇಲೆ ಅದೇ ಕಂಪನಿಯ ಜಾಕೆಟ್ ತೊಟ್ಟು ಬಂದಿದ್ದವರು ಒಬ್ಬೊಬ್ಬರಾಗಿ ತಂತಮ್ಮ ಎಡಗಡೆಯ ಒಳಜೇಬಿಗೆ ಕೈಹಾಕಿದರು. ಎಂಟು ನೀಲಿ ಗುರುತು ಸಿಕ್ಕವು. ತಮ್ಮದನ್ನು ಕಡಲಾಚೆಯ ಮೂಲ ಅಂಗಡಿಯಲ್ಲೇ ಕೊಂಡದ್ದೆಂದು ಹೇಳುತ್ತಿದ್ದ ಅಧ್ಯಕ್ಷರದು ಹಸಿರು. ‘ಅದು ನನ್ನ ಪಕ್ಕದ ಯಂತ್ರದವಳದು, ರಜೆಗೆ ಹೋದಾಗ ಅವಳು ಹೊಲಿಯೋಳು’ ಎಂದು ದರ್ಜಿಯಮ್ಮ ಸಮಾಧಾನ ಹೇಳಿದರು.

ಈಗ ಅಂಗಡಿಯಲ್ಲಿ ಮೂರು ಯಂತ್ರಗಳಿವೆ. ಕಾಲರಿನವರೂ ತೋಳಿನವರೂ ಬಂದು ಸೇರಿದ್ದಾರೆ. ದರ್ಜಿಯಮ್ಮ ಈಗ ಇಡೀ ಜಾಕೆಟ್ ಹೊಲಿಯುತ್ತಾರೆ. ಬೆಳಗಿನ ಹೊತ್ತು ನಾನು ಸ್ಟೂಲಿನ ಮೇಲೆ ಕೂತು ಉಳಿದ ದಾರದ ತುದಿ ಕತ್ತರಿಸುತ್ತೇನೆ. ಸೂಜಿ ಮುಟ್ಟಲು ಅಪ್ಪಣೆಯಿಲ್ಲ. ನನ್ನ ಜಾಕೆಟ್ಟನ್ನು ಅವರು ಎಷ್ಟು ಚೆನ್ನಾಗಿ ಸರಿಮಾಡಿದ್ದಾರೆಂದರೆ ಹರಿದ ಜಾಗವೇ ತಿಳಿಯದು.

ಕಳೆದ ವಾರ ನೋಡುತ್ತೇನೆ, ಕಂಕುಳ ಹತ್ತಿರ ಕೆಂಪು ದಾರದ ಒಂದು ಗುರುತು. ಮೂವತ್ತಾರು ವರ್ಷ ಮಕ್ಕಳ ಪುಸ್ತಕದಲ್ಲಿ ನಾನು ಹಾಕುತ್ತಿದ್ದ ತಪ್ಪು ಗುರುತಿನ ಹಾಗೆಯೇ ಇತ್ತು. ಇದು ಯಾರದಮ್ಮಾ ಎಂದು ಕೇಳಿದೆ.

‘ನಿಮ್ಮದೇ, ಮೇಷ್ಟ್ರೇ. ಅಲ್ಲಿ ನಿಮ್ಮ ನಾಲ್ಕು ಹೊಲಿಗೆ ಬಿಚ್ಚದೆ ಬಿಟ್ಟಿದೀನಿ. ನಾಳೆ ಕಿತ್ತು ಬಂದ್ರೆ ಬೈಯೋದು ಯಾರನ್ನ ಅಂತ ಗೊತ್ತಾಗಬೇಕಲ್ಲ’ ಎಂದು ಹೇಳಿ ದರ್ಜಿಯಮ್ಮ ಮತ್ತೆ ಯಂತ್ರ ತುಳಿಯತೊಡಗಿದರು.