ಒಂದೊಂದು ಅಕ್ಷರವೂ ನನ್ನದೇ!

ಈ ತಪ್ಪೊಪ್ಪಿಗೆಯನ್ನು ಯುಗಾದಿಗೆ ಬರೆಯೋಣ ಎಂದುಕೊಂಡೆ. ಯುಗಾದಿ ಹೋಯಿತು, ದೀಪಾವಳಿಗೆ ಎಂದುಕೊಂಡೆ. ಮನೆಯಲ್ಲಿ ಕೈನೋವು ಎಂದು ಹೇಳಿದ್ದೇನೆ. ನಿಜವಾದ ಕಾರಣ ನಾಚಿಕೆ.

ನಾನು ಕೊಳ್ಳೇಗಾಲದಿಂದ ಗೋಪಿನಾಥಂಗೆ ಬಸ್ ಓಡಿಸಿ ನಿವೃತ್ತನಾದವನು. ಓದಿದ್ದು ಹೈಸ್ಕೂಲು. ಬೆಟ್ಟದ ತಿರುವಿನಲ್ಲಿ ಬಸ್ ತಿರುಗಿಸಿದವನಿಗೆ ಒಂದು ಆತ್ಮಕಥೆ ಬರೆಯುವುದು ಎಷ್ಟರ ಕೆಲಸ! ಕುಳಿತೆ. ಮೊದಲ ವಾಕ್ಯ ಮುಂದಕ್ಕೂ ಹೋಗಲಿಲ್ಲ, ರಿವರ್ಸಿಗೂ ಬರಲಿಲ್ಲ.

ಆಗ ಯಳಂದೂರಿನಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದ ಹೆಣ್ಣುಮಗಳೊಬ್ಬರು ಸಿಕ್ಕರು. ಸುತ್ತಲಿನವರ ಭಾಷಣ, ಸನ್ಮಾನಪತ್ರ ಎಲ್ಲ ಬರೆದುಕೊಡುತ್ತಿದ್ದವರು ಅವರೇ. ನಾನು ಹೇಳುವುದು, ಅವರು ಬರೆಯುವುದು ಎಂದು ಮಾತಾಯಿತು.

"ಇದುವರ್ಗೂ ಬರ್ದುದ್ದೆಲ್ಲ ಬ್ಯಾರೇರ ಎಸ್ರಲ್ಲೇ ಓಯ್ತು ಸಾ. ಇದ್ರಲ್ಲಿ ಒಂದ್ ಮೂಲೇಲಿ ನನ್ ಎಸ್ರು ಆಕ್ಬುಡಿ. ನಮ್ಮವ್ವಂಗೆ ತೋರುಸ್ಬೇಕು."

"ಮೂಲೇಲಿ ಯಾಕ್ ತಾಯಿ? ದಪ್ಪಕ್ಷರದಲ್ಲೇ ಆಕುಸ್ತೀನಿ!"

ಕೆಲಸ ಶುರುವಾದ ಮೇಲೆ ನನ್ನದೊಂದು ರೋಗ ಬಯಲಾಯಿತು. ನನಗೆ ಜೀವನ ನೆನಪಾಗುವುದು ವರ್ಷದ ಲೆಕ್ಕದಲ್ಲಲ್ಲ, ಸ್ಟಾಪಿನ ಲೆಕ್ಕದಲ್ಲಿ!

"ಮದ್ವೆ ಯಾವಾಗಾಯ್ತು ಸಾ?"

"ತಡಿ ತಾಯಿ, ಅದು ಕೌದಳ್ಳಿ ದಾಟುದ್ಮೇಲೆ ಬತ್ತದೆ. ಇನ್ನೂ ಕಾಮಗೆರೇಲವ್ನಿ."

ನಡುವೆ ಯಾರಾದರೂ ಮಾತಾಡಿಸಿದರೆ ಮುಗಿಯಿತು. ಮತ್ತೆ ಕೊಳ್ಳೇಗಾಲದ ಸ್ಟ್ಯಾಂಡಿನಿಂದಲೇ ಹೊರಡಬೇಕು! ಬೇಸತ್ತ ಅವರು ನನ್ನನ್ನು ಬಸ್ಸಿಗೇ ಹತ್ತಿಸಿದರು. ದಾರಿಯುದ್ದಕ್ಕೂ ನಾನು ಕಥೆ ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ಸೀಟಿನಲ್ಲಿ ಕುಳಿತು ಇಲ್ಲದ ಬ್ರೇಕ್ ತುಳಿದೆ. "ಗೇರ್ ಇಳುಸ್ಲಾ!" ಎಂದು ಕೂಗಿದೆ.

ಡ್ರೈವರ್ ಬಸ್ ನಿಲ್ಲಿಸಿದ. "ಯಜಮಾನ್ರೇ, ನೀವ್ ಇಳೀತೀರೋ, ನಾನ್ ಇಳೀಲೋ?"

ಹನೂರಿನಲ್ಲಿ ಇಳಿದೆವು. ಹನೂರಿನಿಂದಾಚೆಯ ಕಾಡಿನ ಕಥೆಯನ್ನೆಲ್ಲ ಅವರು ನನ್ನ ಹೆಂಡತಿ ಶಿವಮ್ಮನನ್ನು ಕೇಳಿ ಬರೆದುಕೊಂಡರು. ಅವಳು ಏನು ಹೇಳಿದಳೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು.

ಅಚ್ಚಿಗೆ ಹೋಗುವ ಮುನ್ನ ಕರಡು ಬಂತು. ನಾನು ನೋಡಿದ್ದು ಮುಖಪುಟ ಮಾತ್ರ. ನನ್ನ ಹೆಸರಿನ ಕೆಳಗೆ ಇನ್ನೊಂದು ಹೆಸರು! ಒಂದು ಬಸ್ಸಿಗೆ ಇಬ್ಬರು ಡ್ರೈವರೇ? ಪ್ರೆಸ್ಸಿನವನಿಗೆ ಹೇಳಿ ತೆಗೆಸಿಬಿಟ್ಟೆ.

ಕೊಳ್ಳೇಗಾಲದಲ್ಲಿ ಬಿಡುಗಡೆ. ಅಧ್ಯಕ್ಷತೆ ವಹಿಸಿದ್ದ ಮೇಷ್ಟರು ಕೇಳಿದರು: "ಇದೆಲ್ಲ ನೀವೇ ಬರೆದಿರಾ?"

"ಒಂದೊಂದ್ ಅಕ್ಷರಾನೂವೆ!" ಎಂದು ಮೈಕಿನಲ್ಲಿ ಸಾರಿದೆ.

"ಹಾಗಾದರೆ ಆನೆಯ ಪ್ರಸಂಗ ಓದಿ."

ಎದೆಯುಬ್ಬಿಸಿ ಓದಿದೆ: 'ಪಾಲಾರ್ ಹತ್ತಿರ ಆನೆ ಅಡ್ಡ ನಿಂತಿತು. ನಾನು ಕಣ್ಣು ಮುಚ್ಚಿ, ಸ್ಟೀರಿಂಗ್ ಅಪ್ಪಿಕೊಂಡು, ಅವ್ವಾ ಎಂದು ಗೊಳೋ ಅಂತ ಅತ್ತೆ. ಆನೆಗೇ ಪಾಪ ಅನ್ನಿಸಿ ಹೊರಟುಹೋಯಿತು.'

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಊರಿಗೆಲ್ಲ ಹೇಳುತ್ತ ಬಂದ ಕಥೆಯಲ್ಲಿ ಆನೆಯೇ ನನ್ನನ್ನು ಕಂಡು ಹೆದರಿತ್ತು! ನಿಜ ಹೇಳಿಕೊಂಡಿದ್ದು ಶಿವಮ್ಮನೊಬ್ಬಳಿಗೆ. ಆದರೆ ಇದು ನಾನು ಬರೆದದ್ದಲ್ಲ ಎನ್ನುವುದು ಹೇಗೆ? ಒಂದೊಂದು ಅಕ್ಷರವೂ ನನ್ನದೆಂದು ಈಗಷ್ಟೇ ಸಾರಿದ್ದೇನಲ್ಲ!

"ಎಂಥ ಪ್ರಾಮಾಣಿಕತೆ!" ಎಂದು ಮೇಷ್ಟರು ಹಾರ ಹಾಕಿದರು. ಶಿವಮ್ಮ ಬಾಯಿಗೆ ಸೆರಗು ತುಂಬಿಕೊಂಡಳು.

ಹಾರ ಹೊತ್ತು ಇಳಿದು ಬರುವಾಗ, ಕೊನೆಯ ಸಾಲಿನಲ್ಲಿ ಯಳಂದೂರಿನ ಆ ಹೆಣ್ಣುಮಗಳು ತಾಯಿಯ ಜೊತೆ ಕುಳಿತಿದ್ದರು. ಆ ಮುದುಕಿ ಪುಸ್ತಕ ತಿರುವಿ ತಿರುವಿ ಕೇಳುತ್ತಿದ್ದರು: "ನಿನ್ನೆಸ್ರು ಎಲ್ಲದವ್ವಾ?"

ನಾನು ಕೇಳಿಸದವನಂತೆ ಉಪ್ಪಿಟ್ಟಿನ ಕಡೆ ನಡೆದೆ.

ಆನೆಯ ಪುಟದ ಪುಣ್ಯದಿಂದ ಪುಸ್ತಕ ಪೂರ್ತಿ ಖಾಲಿಯಾಗಿದೆ. ಎರಡನೆಯ ಮುದ್ರಣದಲ್ಲಿ ಆ ಹೆಸರು ಹಾಕಲು, ಅದೂ ದಪ್ಪಕ್ಷರದಲ್ಲಿ, ಪ್ರೆಸ್ಸಿಗೆ ಹೇಳಿ ಬಂದಿದ್ದೇನೆ. ಶಿವಮ್ಮನಿಗೆ ಅಷ್ಟು ಸಾಲದು.

"ಅಚ್ಚಾಕ್ಸುಬುಟ್ರೆ ಆಯ್ತಾ? ಓಗಿ ತಪ್ಪಾಯ್ತು ಅಂತ ಏಳಿ. ಆನೆ ಮುಂದೆ ಅತ್ತೋರ್ಗೆ ಅದೇನ್ ಕಷ್ಟ ಕಣ್ರಿ?"

ನಾಳೆ ಯಳಂದೂರಿನ ಬಸ್ ಹತ್ತುತ್ತೇನೆ, ಹಿಂದಿನ ಸೀಟಿನಲ್ಲಿ, ಬಾಯಿ ಮುಚ್ಚಿಕೊಂಡು. ಅಂದಹಾಗೆ, ಈ ಬರಹದ ಒಂದೊಂದು ಅಕ್ಷರವೂ ನಿಜವಾಗಿ ನನ್ನದೇ. ಅದಕ್ಕೇ ಹೀಗಿದೆ. ಚೆನ್ನಾಗಿ ಬರೆಯಬಲ್ಲವರ ಹೆಸರು ಚಿಕ್ಕತಾಯಮ್ಮ.