ಸೂಜಿಗೊಂದು ಅಪ್ಪಣೆ

ಲಸಿಕೆಯ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಗುಡೇಕೋಟೆ ಸುತ್ತಿನ ಹಳ್ಳಿಗಳನ್ನು ತಿರುಗಿದ ನರ್ಸಮ್ಮ ನಾನು. ತೊಂಬತ್ತರ ದಶಕದ ಮಾತು. ಆ ಕೆಲಸದಲ್ಲಿ ನಗುವ ಪ್ರಸಂಗಗಳಿಗೆ ಬರವಿರಲಿಲ್ಲ. ನಕ್ಕ ಮೇಲೆ ಹೊಟ್ಟೆ ಉರಿಯುತ್ತಿತ್ತು, ಅಷ್ಟೆ. ಈ ಮೂರೂ ಒಂದೇ ಮನೆಯವು.

೧. ಯಾರನ್ನ ಕೇಳಬೇಕು?

ಆ ಮನೆಯ ಸೊಸೆಯ ಮೊದಲ ಕೂಸು ದಡಾರ ಬಂದು ತೀರಿಕೊಂಡಿತ್ತು. ಎರಡನೆಯದಕ್ಕೆ ಒಂಬತ್ತು ತಿಂಗಳು ತುಂಬಿದ ವಾರವೇ ಹೋದೆ. ಹೆಣ್ಣು ಕೂಸು, ಹೊಸ್ತಿಲ ಹತ್ತಿರ ಕೂತು ಮಣ್ಣು ತಿನ್ನುತ್ತಿತ್ತು.

"ದಡಾರದ ಸೂಜಿ ಹಾಕಿಸವ್ವ," ಅಂದೆ.

"ನನಗ ಆಸಿ ಐತ್ರಿ. ನಮ್ಮತ್ತಿನ್ನ ಒಂದು ಮಾತು ಕೇಳ್ರಿ."

ಅತ್ತೆ ರೊಟ್ಟಿ ಬಡಿಯುತ್ತಿದ್ದಳು. "ದಡಾರ ಅಂದ್ರ ಅಮ್ಮ ಬರೋದು. ಅಕಿಗೆ ಸೂಜಿ ತೋರಿಸಿದ್ರ ಸಿಟ್ಟಾಗ್ತಾಳ. ನನ್ನ ಮಗನ್ನ ಕೇಳ್ರಿ."

ಮಗ ಕುರಿಹಟ್ಟಿಯಲ್ಲಿದ್ದ. "ಹಿರೇರು ಅದಾರಲ್ರಿ, ಅಪ್ಪನ್ನ ಕೇಳ್ರಿ."

ಅಪ್ಪ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ. "ಕೂಸಿನ ವಿಷಯ ಗಂಡಸ್ರಿಗೇನು ತಿಳಿತೈತಿ? ಮನಿಯಾಗ ಕೇಳ್ರಿ."

ಬಿಸಿಲಲ್ಲಿ ಮತ್ತೆ ಮನೆಗೆ ಬಂದೆ. ಅತ್ತೆ ಇನ್ನೊಂದು ರೊಟ್ಟಿ ಬಡಿಯುತ್ತ ಕೇಳಿದಳು, "ಏನಂದ್ರು ನಮ್ಮ ಯಜಮಾನ್ರು?"

೨. ಕುರಿಗಾದರೆ

ಮುಂದಿನ ತಿಂಗಳು ಆ ಮಗ ಕೂಡ್ಲಿಗಿಯ ದನದ ಆಸ್ಪತ್ರೆ ಮುಂದೆ ಸಿಕ್ಕ. ಕುರಿಗಳಿಗೆ ಸೂಜಿ ಹಾಕಿಸಲು ನಸುಕಿನಲ್ಲೇ ಹಿಂಡು ಹೊಡೆದುಕೊಂಡು ಬಂದಿದ್ದನಂತೆ. ಇನ್ನೂ ಬಾಗಿಲು ತೆಗೆದಿಲ್ಲ ಎಂದು ಬೈಯುತ್ತಿದ್ದ.

"ಇವಕ್ಕ ಸೂಜಿ ಹಾಕಿಸಾಕ ಯಾರನ್ನ ಕೇಳಿ ಬಂದೆಪ್ಪ?" ಅಂದೆ.

"ಇದಕ್ಕ ಕೇಳೋದೇನ್ರಿ? ಸತ್ತು ಹೋದ್ರ?"

"ಮತ್ತ ಕೂಸಿಗೆ?"

ತಲೆ ಕೆರೆದುಕೊಂಡ. "ಈ ದನದ ಡಾಕ್ಟರತ್ರ ಔಷಧಿ ಉಳಿದ್ರ ಅದಕ್ಕೂ ಒಂದು ಹಾಕಿಸಿದ್ರಾತು ತಗಳ್ರಿ."

ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ನನ್ನ ಗಂಡನ ಮುಂದೆ ಕೂಗಾಡಿದೆ. ಹೆತ್ತವಳ ಮಾತಿಗೆ ಕವಡೆ ಕಿಮ್ಮತ್ತಿಲ್ಲ, ಎಂಥಾ ಜನ ಇವರು ಅಂದೆ. ಅವರು ಪೇಪರಿನಿಂದ ತಲೆ ಎತ್ತಿದರು.

"ಅದಿರ್ಲಿ. ಬಳ್ಳಾರಿ ಟ್ರೇನಿಂಗಿಗೆ ಹೆಸರು ಕೊಟ್ಟೀಯಂತಲ್ಲ, ಯಾರನ್ನ ಕೇಳಿ ಕೊಟ್ಟಿ?"

೩. ಅಮ್ಮನ ಮಾತು

ಆಮೇಲೆ ಸೊಸೆ ನೀರಿನ ನಲ್ಲಿ ಹತ್ತಿರ ಒಬ್ಬಳೇ ಸಿಕ್ಕಳು. ಗುರುವಾರ, ಅಂಗನವಾಡಿ, ಹತ್ತು ಗಂಟೆ ಎಂದು ಎಲ್ಲ ಬಿಡಿಸಿ ಹೇಳಿದೆ. ಕೊಡ ತುಂಬಿ ಹರಿದರೂ ಕೇಳುತ್ತ ನಿಂತಿದ್ದಳು.

ಮುಂದಿನ ಗುರುವಾರ ಇಡೀ ಮನೆಯೇ ಅಂಗನವಾಡಿಗೆ ಬಂತು. ಮಾವನ ಕೈಯಲ್ಲಿ ತೆಂಗಿನಕಾಯಿ. ಅತ್ತೆ ನನ್ನ ಐಸ್ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿದಳು. ನನಗೆ ತಲೆಬುಡ ತಿಳಿಯಲಿಲ್ಲ.

"ಮಂಗಳವಾರ ಪೂಜಿ ಹೊತ್ನಾಗ ಸೊಸಿ ಮೈಮ್ಯಾಲೆ ಅಮ್ಮ ಬಂದಿದ್ಲುರಿ," ಅಂದಳು ಅತ್ತೆ. "ನನ್ನ ಕೂಸಿಗೆ ಸೂಜಿ ಹಾಕಿಸ್ರಿ ಅಂತ ಒದರಿದ್ಲು. ಗುರುವಾರ ಅಂದ್ಲು. ಹತ್ತು ಗಂಟಿಗೆ ಅಂದ್ಲು. ಬಲ ತೋಳಿಗೇ ಅಂದ್ಲು!"

"ಮತ್ತೇನಂದ್ಲವ್ವ?"

"ಒಂದೂವರಿ ವರ್ಷಕ್ಕ ಬೂಸ್ಟರ್ ಮರೀಬ್ಯಾಡ್ರಿ ಅಂದ್ಲುರಿ."

ತುಟಿ ಕಚ್ಚಿ ನಗು ತಡೆದುಕೊಂಡು ಸೂಜಿ ಹಾಕಿದೆ. ಕೂಸು ಕಿರುಚಿತು. ಮಾವ ಸೊಸೆಗೆ ಕೈ ಮುಗಿದ. ಆ ಮನೆಯಲ್ಲಿ ಅವಳ ಮಾತು ನಡೆದದ್ದು ಅದೇ ಮೊದಲು, ಅದೂ ಅವಳ ಮಾತಲ್ಲ ಅಂದುಕೊಂಡಿದ್ದಕ್ಕೆ. ನನಗೆ ಬಹಳ ಸಂಕಟವಾಯಿತು.

ಕಾರ್ಡು ಬರೆದುಕೊಡುವಾಗ ಅವಳು ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು, "ತಪ್ಪು ಮಾಡಿದ್ನೇನ್ರಿ ಅಕ್ಕಾರ?"

"ತಪ್ಪು ಹಾಳಾಗ್ಲಿ," ಅಂದೆ. "ಸೋಮವಾರ ನಂದು ಬಳ್ಳಾರಿ ಟ್ರೇನಿಂಗ್ ಐತಿ. ನಮ್ಮ ಮನಿಯವ್ರು ಇನ್ನೂ ಹೂಂ ಅಂದಿಲ್ಲ. ಮೈಮ್ಯಾಲೆ ತರಿಸಿಕೊಳ್ಳೋದು ಹೆಂಗ ಅಂತ ನನಗೂ ಒಂಚೂರು ಹೇಳಿಕೊಡವ್ವ."